ಮೊದಲ ಗುಟುಕು

ಮುಖವೇ ಮನಸ್ಸಿನ ಕನ್ನಡಿ ಎಂದು ಹೇಳಿದ ಪುಣ್ಯಾತ್ಮರು ಯಾರೋ, ಅವರು ನೀಲಗಂಗಾಳ ತಮ್ಮ ಫಕೀರೇಶನನ್ನು ನೋಡಿರಲಿಲ್ಲ. ನಲವತ್ತೆರಡು ವರ್ಷದ ಆ ಮನುಷ್ಯನ ಮುಖದಲ್ಲಿ ಇಪ್ಪತ್ತು ವರ್ಷಗಳಿಂದ ಏನೂ ಮೂಡಿರಲಿಲ್ಲ. ಅವ್ವ ತೀರಿಕೊಂಡ ದಿನವೂ ಅವನು ಅಳಲಿಲ್ಲ. ಬಂದವರ ಚಪ್ಪಲಿಗಳನ್ನು ಜೋಡಿ ನೋಡಿ ಬಾಗಿಲ ಹೊರಗೆ ಸಾಲಾಗಿ ಇಡುತ್ತ ಕೂತಿದ್ದ. "ಅವಂಗೇನ ತಿಳೀತೈತಿ ಪಾಪ," ಎಂದು ಲೊಚಗುಟ್ಟಿ ಜನ ಅದೇ ಚಪ್ಪಲಿ ಮೆಟ್ಟಿಕೊಂಡು ಹೋದರು.

ಸ್ಕಿಜೋಫ್ರೇನಿಯಾ ಎಂಬ ಬೇನೆ ಕಿವಿಯೊಳಗೆ ಇಲ್ಲದ ದನಿಗಳನ್ನು ಹುಟ್ಟಿಸುವುದಷ್ಟೇ ಅಲ್ಲ, ಎಷ್ಟೋ ಮಂದಿಯ ಮುಖದ ಮೇಲಿನ ಭಾವವನ್ನೂ ಒರೆಸಿ ಹಾಕುತ್ತದೆ. ಮುಖ ಬರಿದಾದರೆ ಒಳಗೂ ಬರಿದೇ? ಈ ಪ್ರಶ್ನೆಗೆ ಉತ್ತರ ಹೇಳುವ ಯಂತ್ರವೊಂದು ಧಾರವಾಡಕ್ಕೆ ಬಂದಿದ್ದರೆ ಏನಾಗುತ್ತಿತ್ತು? ಬಂತು ಎಂದೇ ಇಟ್ಟುಕೊಳ್ಳಿ. ಅದರ ಹೆಸರು ಭಾವದರ್ಶಿ. ನೋಡಲು ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಹಾಗೆಯೇ. ರೋಗಿ ಅದರ ಗವಿಯೊಳಗೆ ಅಂಗಾತ ಮಲಗಬೇಕು. ಕಣ್ಣ ಮೇಲಿನ ಪುಟ್ಟ ಕನ್ನಡಿಯಲ್ಲಿ ಒಂದೊಂದಾಗಿ ಚಿತ್ರಗಳು ಬರುತ್ತವೆ. ಯಾವ ಚಿತ್ರಕ್ಕೆ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತು ಎಂದು ಯಂತ್ರ ಅಳೆಯುತ್ತದೆ. ಆರು ನೂರು ಮಂದಿಯ ಮಿದುಳು ಓದಿ ಪಳಗಿದ ಅದರ ಕಂಪ್ಯೂಟರು ಭಯ, ಅಕ್ಕರೆ, ಸಿಟ್ಟು, ದುಃಖ, ಹೇಸಿಗೆ ಎಂಬ ಐದು ಕಂಬಗಳನ್ನು ಪರದೆಯ ಮೇಲೆ ಎಬ್ಬಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ.

ಇದನ್ನು ಕಟ್ಟಿದ ಡಾ. ಪದ್ಮಜಾ ಗಲಗಲಿಯವರ ಆಸೆ ಒಳ್ಳೆಯದೇ ಆಗಿತ್ತು. ಮುಖ ಕಳೆದುಕೊಂಡವರ ಒಳಗು ಜನರಿಗೆ ಕಾಣಲಿ ಎಂದು ಅವರು ಹನ್ನೊಂದು ವರ್ಷ ದುಡಿದಿದ್ದರು. ಕಂಡೂ ಕಂಡಿತು. ಕಲ್ಲಿನ ಹಾಗೆ ಮಲಗಿದವರ ಒಳಗೆ ನಮ್ಮ ನಿಮ್ಮಷ್ಟೇ ದುಃಖ, ನಮ್ಮ ನಿಮ್ಮಷ್ಟೇ ಅಕ್ಕರೆ ಉಕ್ಕುತ್ತಿತ್ತು. ಆದರೆ ಅಂಕ ಎಂಬುದೊಂದು ಸಿಕ್ಕಿದ ಮೇಲೆ ಸರಕಾರ ಸುಮ್ಮನಿದ್ದೀತೆ? ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಯಿತು. ಎರಡನೇ ವರ್ಷವೇ ನಿಯಮ ಬಂತು. ಮನೆಯಲ್ಲಿರುವ ಪ್ರತಿ ರೋಗಿಗೂ ವರ್ಷಕ್ಕೊಮ್ಮೆ ಭಾವಪರೀಕ್ಷೆ. ತನ್ನನ್ನು ನೋಡಿಕೊಳ್ಳುವವರ ಚಿತ್ರ ಕಂಡಾಗ ಅವನ ಭಯವಾಗಲಿ ಸಿಟ್ಟಾಗಲಿ ಅರವತ್ತು ದಾಟಿದರೆ ಆ ಮನೆ ಇಬ್ಬರಿಗೂ ಕ್ಷೇಮವಲ್ಲ; ಹದಿನೈದು ದಿನದೊಳಗೆ ಸರಕಾರದ ಮಂಡಳಿ ಅವನನ್ನು ಊರಾಚೆಯ ಆರೈಕೆ ನಿಲಯಕ್ಕೆ ಸಾಗಿಸತಕ್ಕದ್ದು. ಹಾಗೆ ಹೋದವರಲ್ಲಿ ಒಬ್ಬರೂ ತಿರುಗಿ ಮನೆಗೆ ಬಂದಿರಲಿಲ್ಲ. ನೀಲಗಂಗಾಳಿಗೆ ಇದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಆ ಯಂತ್ರ ನಡೆಸುವವಳು ಅವಳೇ.

*

ರಕ್ತಸಂಬಂಧಿಗಳ ಪರೀಕ್ಷೆ ಮಾಡಬಾರದೆಂದು ಪರೀಕ್ಷಾ ಕೇಂದ್ರದಲ್ಲಿ ಕಟ್ಟುನಿಟ್ಟಿತ್ತು. ಆದರೆ ಬೇರೆಯವರ ಕೈಯಲ್ಲಿ ಫಕೀರೇಶ ಗವಿಯೊಳಗೆ ಹೋಗಲು ಒಪ್ಪುತ್ತಿರಲಿಲ್ಲ. ಹೀಗಾಗಿ ಪ್ರತಿ ವರ್ಷ ಗಲಗಲಿ ಮೇಡಂ ಬೆನ್ನ ಹಿಂದೆ ನಿಂತಿರುತ್ತಿದ್ದರು, ಗುಂಡಿ ಒತ್ತುವುದು ನೀಲಗಂಗಾಳ ಕೆಲಸ.

"ಆರಾಮ ಅದಿಯೇನೋ ತಮ್ಮಾ?" ಗಾಜಿನ ಈಚೆಯಿಂದ ಮೈಕಿನಲ್ಲಿ ಕೇಳಿದಳು.

"ಅದೀನಿ."

"ತಲಿ ಅಲಗಸಬ್ಯಾಡ ಮತ್ತ."

ತಲೆ ಅಲುಗಿದರೆ ಚಿತ್ರ ಕೆಡುತ್ತದೆ, ಎಂಥೆಂಥವರೋ ಅಲುಗಿಸುತ್ತಾರೆ. ಫಕೀರೇಶ ಮಾತ್ರ ನಲವತ್ತು ನಿಮಿಷ ಬಂಡೆಗಲ್ಲಿನ ಹಾಗೆ ಬಿದ್ದಿರುತ್ತಿದ್ದ.

ಈ ಸಲ ಹೊಸದೊಂದು ಸೇರಿತ್ತು. ಬರೀ ಮುಖದ ಫೋಟೊ ಸಾಲದು, ನೋಡಿಕೊಳ್ಳುವವರು ರೋಗಿಗೆಂದು ದಿನವೂ ಮಾಡುವ ಕೆಲಸದ ಫೋಟೊವನ್ನೂ ತೋರಿಸಬೇಕು ಎಂದು ಸುತ್ತೋಲೆ ಬಂದಿತ್ತು. ನೀಲಗಂಗಾ ಹೆಚ್ಚು ಯೋಚಿಸದೆ ಪಕ್ಕದ ಮನೆಯವರ ಕೈಗೆ ಮೊಬೈಲು ಕೊಟ್ಟು ನಾಲ್ಕಾರು ಫೋಟೊ ತೆಗೆಸಿದ್ದಳು.

ಮೊದಲು ಜೋಳ ತುಂಬಿದ ಮೊರ ಬಂತು. ಓಣಿಯವರ ಜೋಳವನ್ನೆಲ್ಲ ಹಸನು ಮಾಡಿಕೊಡುವವನು ಫಕೀರೇಶನೇ. ಕಂಬಗಳು ತಣ್ಣಗೆ ಮಲಗಿದ್ದವು. ಆಮೇಲೆ ಅವ್ವನ ಫೋಟೊ. ದುಃಖದ ಕಂಬ ಎಂಬತ್ತೊಂದಕ್ಕೆ ಜಿಗಿಯಿತು. ಅವತ್ತು ಚಪ್ಪಲಿ ಜೋಡಿಸಿಟ್ಟ ಮನುಷ್ಯನ ಒಳಗೆ ಎಂಬತ್ತೊಂದು! ನೀಲಗಂಗಾಳ ಕಣ್ಣು ಮಂಜಾಯಿತು, ಸೆರಗಿನಿಂದ ಒರೆಸಿಕೊಂಡಳು. ಅವಳದೇ ಮುಖ ಬಂತು, ಅಕ್ಕರೆ ಎಪ್ಪತ್ತೇಳು. ಹಿತ್ತಾಳೆಯ ಲೋಟ ಬಂತು, ಏನೂ ಇಲ್ಲ. ಕೊನೆಗೆ ಅವಳು ಅದೇ ಲೋಟಕ್ಕೆ ತುಟಿ ಹಚ್ಚಿ ಒಂದು ಗುಟುಕು ಕುಡಿಯುತ್ತಿರುವ ಚಿತ್ರ ಬಂತು.

ಭಯ, ಎಂಬತ್ತೆಂಟು.

ಗಲಗಲಿ ಮೇಡಂ ಕನ್ನಡಕ ಏರಿಸಿಕೊಂಡು ಮುಂದೆ ಬಗ್ಗಿದರು.

"ವಿಚಿತ್ರ ಅದ ಅಲ್ಲ? ನಿಮ್ಮ ಮುಖಕ್ಕ ಅಂಜೂದಿಲ್ಲ. ಲೋಟಾಕ್ಕೂ ಅಂಜೂದಿಲ್ಲ. ಎರಡೂ ಕೂಡಿ ಬಂದ ಕೂಡಲೇ ಇಷ್ಟು ಭಯ? ಲೋಟಾದಾಗ ಏನದ, ನೀಲಗಂಗಾ?"

"ಮಜ್ಜಿಗಿರೀ. ಬರೀ ಮಜ್ಜಿಗಿ."

ಬರೀ ಮಜ್ಜಿಗೆಯೇ ಎಂದು ಅವರೇನೂ ಪ್ರಶ್ನಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ಅವಳೇ ಅಂದುಬಿಟ್ಟಿದ್ದಳು. ಮೇಡಂ ಕನ್ನಡಕ ತೆಗೆದು ಹಿಂದೆ ಸರಿದರು.

"ನಾಳೆ ಸಂಜಿ ಐದಕ್ಕ ವರದಿ ತಾನಾಗೇ ಮಂಡಳಿಗೆ ಹೋಗ್ತದ. ಅಷ್ಟರೊಳಗ ಏನರೆ ವಿವರಣಿ ಇದ್ದರ ಬರದು ಹಚ್ಚೂಣು," ಎಂದು ಹೊರಟುಹೋದರು.

*

ಲೋಟದಲ್ಲಿ ಬರೀ ಮಜ್ಜಿಗೆ ಇರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ ಫಕೀರೇಶ ಗುಳಿಗೆಗಳನ್ನು ಬಚ್ಚಲಿಗೆ ಎಸೆಯತೊಡಗಿದ್ದ. ಔಷಧ ತಗೊಂಡರೆ ಅವರು ಸುಮ್ಮನಿರುವುದಿಲ್ಲ ಎನ್ನುತ್ತಿದ್ದ. ಅವರು ಎಂದರೆ ಅವನ ಕಿವಿಯೊಳಗಿನ ದನಿಗಳು. ಆಮೇಲೆ ಊಟದಲ್ಲೂ ವಿಷ ಕಾಣತೊಡಗಿತು, ಮೈ ಕಡ್ಡಿಯಾಯಿತು. ಆಗ ಒಬ್ಬ ಹಳೆಯ ಡಾಕ್ಟರು ಬಣ್ಣವಿಲ್ಲದ ಹನಿ ಔಷಧದ ಪುಟ್ಟ ಬಾಟಲಿ ಕೊಟ್ಟು, "ಮಜ್ಜಿಗೆಯಲ್ಲಿ ಇಪ್ಪತ್ತು ಹನಿ ಹಾಕಿಕೊಡಮ್ಮ, ಗೊತ್ತಾಗೋದಿಲ್ಲ" ಎಂದಿದ್ದರು. ಇಂಥ ರೋಗಿ ಇರುವ ಎಷ್ಟೋ ಮನೆಗಳಲ್ಲಿ ನಡೆಯುವ ಕೆಲಸವೇ ಇದು; ಯಾರೂ ಯಾರಿಗೂ ಹೇಳುವುದಿಲ್ಲ. ನೀಲಗಂಗಾ ಹನಿ ಹಾಕಿದಳು, ಕಹಿ ಮುಚ್ಚಲು ಉಪ್ಪು ಜೀರಿಗೆ ಹೆಚ್ಚಿಗೆ ಹಾಕಿದಳು. ಆದರೆ ಫಕೀರೇಶ ಲೋಟ ಮುಟ್ಟಲಿಲ್ಲ. "ನೀ ಮೊದಲ ಕುಡಿ," ಎಂದ. ಮೇಲಿನಿಂದ ಎತ್ತಿ ಹುಯ್ದುಕೊಂಡರೆ ನಂಬುತ್ತಿರಲಿಲ್ಲ, ಎಂಜಲಾದರೂ ಸರಿ ತುಟಿ ಹಚ್ಚಿಯೇ ಕುಡಿಯಬೇಕು. ಕುಡಿದಳು. ಒಂದು ಗುಟುಕಿನಿಂದ ಏನಾದೀತು?

ಅವತ್ತಿನಿಂದ ಅದೇ ಪದ್ಧತಿ. ಮಧ್ಯಾಹ್ನ ಒಂದಕ್ಕೆ ಅವಳು ಸ್ಕೂಟಿಯಲ್ಲಿ ಹೊಸಯಲ್ಲಾಪುರದ ಮನೆಗೆ ಬರುವುದು, ರೊಟ್ಟಿ ಊಟ, ಕೊನೆಗೆ ಮಜ್ಜಿಗೆ. ಅವಳದೊಂದು ಗುಟುಕು, ಅವನು ನಂಬಲೆಂದು ವರ್ಷವರ್ಷಕ್ಕೆ ದೊಡ್ಡದಾದದ್ದು; ಉಳಿದದ್ದು ಅವನದು. ಅವಳ ಗುಟುಕು ಗಂಟಲಿಳಿಯುವ ಮೊದಲೇ ಫಕೀರೇಶ ಲೋಟ ಕಸಿದುಕೊಂಡು ಒಂದೇ ಉಸಿರಿಗೆ ಖಾಲಿ ಮಾಡುತ್ತಿದ್ದ. ಈ ಒರಟುತನಕ್ಕೆ ಅವಳು ಎಷ್ಟೋ ಸಲ ಬೇಸರಪಟ್ಟಿದ್ದಳು. ಆದರೆ ದನಿಗಳು ದೂರ ಸರಿದಿದ್ದವು, ಅವನು ಮನುಷ್ಯರ ನಡುವೆ ಕೂತು ಜೋಳ ಹಸನು ಮಾಡುತ್ತಿದ್ದ. ಅಷ್ಟು ಸಿಕ್ಕರೆ ಸಾಕೆಂದುಕೊಂಡಿದ್ದಳು. ಹೊಸ ಕಾನೂನು ಬಂದು, ರೋಗಿಗೆ ತಿಳಿಸದೆ ಔಷಧ ಕೊಡುವುದು ಅಪರಾಧ ಎಂದಾದ ಮೇಲೂ ಬಿಡಲಾಗಲಿಲ್ಲ. ಕೇಂದ್ರದ ಕಾಗದಗಳಲ್ಲಿ 'ತಾನೇ ಗುಳಿಗೆ ತೆಗೆದುಕೊಳ್ಳುತ್ತಾನೆ' ಎಂದು ವರ್ಷವರ್ಷವೂ ಬರೆದಳು.

ಪರೀಕ್ಷೆಯ ದಿನ ಮಧ್ಯಾಹ್ನ ಅವಳು ಮನೆಗೆ ಬಂದಾಗ ಫಕೀರೇಶ ಕಿಟಕಿಯ ಬೆಳಕಿಗೆ ಕೂತು ಮೊರದಲ್ಲಿ ಜೋಳ ಹರವಿಕೊಂಡಿದ್ದ. ಜೋಳದ ಬಣ್ಣದ್ದೇ, ಜೋಳದ ಗಾತ್ರದ್ದೇ ಕಲ್ಲಿದ್ದರೂ ಅವನ ಬೆರಳು ನೇರ ಅದರ ಮೇಲೆಯೇ ಹೋಗುತ್ತಿತ್ತು. ಊಟವಾಯಿತು. ನೀಲಗಂಗಾ ಒಲೆಯ ಕಡೆ ತಿರುಗಿ ಹನಿ ಹಾಕಿದಳು, ಲೋಟ ತಂದಳು. ತುಟಿಯ ಹತ್ತಿರ ಒಯ್ದ ಕೈ ಅಲ್ಲೇ ನಿಂತಿತು.

ಇವನಿಗೆ ಗೊತ್ತು. ನಾನು ವಿಷ ಹಾಕುತ್ತಿದ್ದೇನೆ ಎಂದುಕೊಂಡಿದ್ದಾನೆ. ಒಂಬತ್ತು ವರ್ಷ ದಿನವೂ ಅಂಜುತ್ತಲೇ ಕುಡಿದಿದ್ದಾನೆ.

ಅವನ ಮುಖ ನೋಡಿದಳು. ಎಂಬತ್ತೆಂಟರಲ್ಲಿ ಒಂದಾದರೂ ಅಲ್ಲಿ ಕಾಣಲಿಲ್ಲ. ಅವನು ಲೋಟವನ್ನೇ ನೋಡುತ್ತಿದ್ದ. ಅವಳು ಗುಟುಕರಿಸಿದಳು, ಅವನು ಕಸಿದುಕೊಂಡ, ಗಟಗಟ ಕುಡಿದ, ಲೋಟ ಬೋರಲು ಹಾಕಿ ಜೋಳದ ಮುಂದೆ ಹೋಗಿ ಕೂತ. ನೀಲಗಂಗಾ ಗೋಡೆಗೆ ಆನಿಕೊಂಡು ನಿಂತಳು. ಈಚೆಗೆ ಮಧ್ಯಾಹ್ನವಾದರೆ ಅವಳಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು, ಬೆರಳು ಬಿಗಿಯುತ್ತಿದ್ದವು. ನಲವತ್ತೆಂಟಾಯಿತು, ಇನ್ನೇನು ಎಂದುಕೊಂಡು ಸುಮ್ಮನಾಗಿದ್ದಳು. ಆ ಮಧ್ಯಾಹ್ನ ಮಾತ್ರ ನಿದ್ದೆ ಹತ್ತಿರ ಸುಳಿಯಲಿಲ್ಲ.

ಮೂರು ಗಂಟೆಗೆ ಕೇಂದ್ರಕ್ಕೆ ಮರಳಿ, ಯಾರೂ ಇಲ್ಲದಾಗ ಫಕೀರೇಶನ ಕಡತ ತೆರೆದಳು. ಪ್ರತಿ ಚಿತ್ರದ ಎದುರಿಗೆ 'ಅಲುಗಾಟ' ಎಂಬ ಚೌಕ ಇರುತ್ತದೆ. ರೋಗಿ ತಲೆ ಅಲುಗಿಸಿದ್ದರೆ ತಂತ್ರಜ್ಞರು ಅಲ್ಲಿ ಗುರುತು ಹಾಕುತ್ತಾರೆ, ಆ ಚಿತ್ರದ ಅಂಕ ಲೆಕ್ಕದಿಂದ ಬಿದ್ದುಹೋಗುತ್ತದೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವಳು ಒಂದೂ ಸುಳ್ಳು ಗುರುತು ಹಾಕಿದವಳಲ್ಲ. ಕೊನೆಯ ಚಿತ್ರದ ಎದುರು ಗುರುತು ಹಾಕಿದಳು. ಭಯದ ಕಂಬ ಮಾಯವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಹೀಗೆ, ಬೆರಳಿನ ಒಂದು ಒತ್ತಿನಲ್ಲಿ.

*

ಮರುದಿನ ಬೆಳಿಗ್ಗೆ ಗಲಗಲಿ ಮೇಡಂ ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

"ನಾಕು ವರ್ಷ ಆತು ಫಕೀರೇಶನ್ನ ನೋಡ್ಲಿಕ್ಕೆ ಹತ್ತಿ. ಒಂದ ಸಲಾನೂ ಕೂದಲೆಳಿಯಷ್ಟು ಅಲುಗಿಲ್ಲ ಅಂವ. ನಿನ್ನೆ ಆ ಒಂದ ಚಿತ್ರಕ್ಕ ಮಾತ್ರ ಅಲುಗಿದನ?"

ನೀಲಗಂಗಾ ಸುಳ್ಳು ಹೇಳಬೇಕೆಂದೇ ಬಾಯಿ ತೆರೆದಳು, ಬಂದದ್ದು ಅಳು. ಹನಿಯ ಬಾಟಲಿ, ಉಪ್ಪು, ಗುಟುಕು, ಸುಳ್ಳು ಕಾಗದ, ಎಲ್ಲ ಹೇಳಿದಳು. ಮುಗಿದ ಮೇಲೆ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಗುರುತು ನಾ ತಗದೀನಿ. ಅದು ಇರೂ ಹಂಗಿಲ್ಲ."

"ಕರಕೊಂಡು ಹೋಗತಾರರೀ ಅವನ್ನ. ನಿಮಗ ಕೈ ಮುಗೀತೀನಿ. ಅಲ್ಲಿ ಜ್ವಾಳ ಇಲ್ಲ, ಕಿಡಕಿ ಇಲ್ಲ, ಅಂವ ಬದುಕಂಗಿಲ್ಲರೀ."

"ನನಗೂ ಗೊತ್ತದ. ಅಂಥಾ ಕಡೆ ಕಳಸ್ಲಿಕ್ಕೆ ಈ ಯಂತ್ರ ಕಟ್ಟಿಲ್ಲ ನಾ." ಅವರು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. "ಆದರ ಒಂದ ಕೇಳ್ತೀನಿ. ಅಂವ ನಿಮಗ ಅಂಜ್ತಾನ ಅಂತ ಯಂತ್ರ ಹೇಳಿಲ್ಲ. ಆ ಚಿತ್ರ ನೋಡಿದಾಗ ಅಂಜಿಕಿ ಆತು ಅಂತ ಅಷ್ಟ ಹೇಳೇದ. ಯಾಕ ಅಂಜಿದ ಅಂತ ಅದಕ್ಕ ಗೊತ್ತಾಗೂದಿಲ್ಲ. ನೀವು ಕೇಳೀರೇನು ಅವಂಗ?"

"ಅಂವ ಏನ ಹೇಳತಾನರೀ? ದಿನಕ್ಕ ಹತ್ತು ಮಾತು ಆಡಾಂವಲ್ಲ."

"ಹತ್ತು ಸಾಕು," ಅಂದರು ಮೇಡಂ. "ಐದರ ಒಳಗ ಬರ್ರಿ."

*

ನೀಲಗಂಗಾ ಅವತ್ತು ಹನ್ನೆರಡಕ್ಕೇ ಮನೆಗೆ ಬಂದಳು. ಊಟಕ್ಕೆ ಬಡಿಸಲಿಲ್ಲ. ಡಬ್ಬಿಗಳ ಹಿಂದೆ ಅಡಗಿಸಿಟ್ಟಿದ್ದ ಬಾಟಲಿಯನ್ನು ತೆಗೆದು ಜೋಳದ ಮೊರದ ಪಕ್ಕ, ಫಕೀರೇಶನ ಕಣ್ಣೆದುರಿಗೆ ಇಟ್ಟಳು. ಅವನು ಬಾಟಲಿ ಒದೆಯಬಹುದು, ಎದ್ದು ಓಡಿಹೋಗಬಹುದು, ಇನ್ನೆಂದೂ ಅವಳ ಕೈಯ ಅನ್ನ ಮುಟ್ಟದಿರಬಹುದು.

"ಇದನ್ನ ನಿನ್ನ ಮಜ್ಜಿಗ್ಯಾಗ ಹಾಕ್ತಿದ್ನೋ ತಮ್ಮಾ. ಒಂಬತ್ತು ವರ್ಷ ಆತು."

ಫಕೀರೇಶ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟ.

"ಗೊತ್ತೈತಿ."

"ಯಾವಾಗಿಂದ?"

"ಮೊದಲನೇ ದಿನದಿಂದ. ಉಪ್ಪು ಜಾಸ್ತಿ ಇತ್ತು."

ಅವಳು ಮೊರದ ಪಕ್ಕ ಕೂತಳು. ಸಾವಿರ ಕಾಳುಗಳಲ್ಲಿ ಒಂದು ಕಲ್ಲು ಹಿಡಿಯುವವನಿಗೆ ಮಜ್ಜಿಗೆಯೊಳಗಿನ ಕಹಿ ತಿಳಿಯಲಾರದೆಂದು ಒಂಬತ್ತು ವರ್ಷ ನಂಬಿದ್ದಳಲ್ಲ, ಯಾರಿಗೆ ಬೇನೆ, ಯಾರಿಗೆ ಬುದ್ಧಿ!

"ಮೊದಲ ವಿಷ ಅಂತ ತಿಳಕೊಂಡಿದ್ನಿ," ಫಕೀರೇಶ ಅದೇ ಸಪಾಟು ದನಿಯಲ್ಲಿ ಹೇಳಿದ. "ನೀನೂ ಕುಡದಿ. ಆಮ್ಯಾಲ ಅವರ ಗದ್ದಲ ಕಡಿಮಿ ಆತು. ಔಷಧ ಅಂತ ತಿಳೀತು."

"ಮತ್ತ ಹೇಳಬಾರದಾಗಿತ್ತೇನೋ?"

"ಹೇಳಿದ್ರ ಅವರಿಗೆ ಕೇಳಸ್ತಿತ್ತು. ನೀ ಕದ್ದು ಹಾಕಿದ್ರ ಅವರಿಗೆ ಗೊತ್ತಾಗಂಗಿಲ್ಲ."

ನೀಲಗಂಗಾ ಮೊಬೈಲಿನಲ್ಲಿದ್ದ ಆ ಫೋಟೊ ತೆರೆದು ಅವನ ಮುಂದೆ ಹಿಡಿದಳು. "ಹಂಗಾರ ಇದನ್ನ ನೋಡಿ ಯಾಕ ಅಂಜಿದಿ? ಎಂಬತ್ತೆಂಟು ಬಂದೈತಿ. ನಾ ಅಂದ್ರ ಅಂಜಿಕಿ ಏನು ನಿನಗ? ಖರೇ ಹೇಳು, ನಾ ಏನೂ ಅನ್ನಂಗಿಲ್ಲ."

ಅವನು ಫೋಟೊ ನೋಡಿದ. ಕಣ್ಣು ಪಕ್ಕಕ್ಕೆ ತಿರುಗಿಸಿದ. ಎಷ್ಟೋ ಹೊತ್ತು ಜೋಳದ ಮೇಲೆ ಬೆರಳಾಡಿಸಿದ, ಕಲ್ಲು ಮಾತ್ರ ಹೆಕ್ಕಲಿಲ್ಲ.

"ನನಗ ಬ್ಯಾನಿ ಐತಿ, ಅಕ್ಕಾ," ಅಂದ. "ನಿನಗೇನಾಗೈತಿ? ನೀ ಯಾಕ ಕುಡೀತಿ?"

ಅವಳು ಫೋಟೊ ಹಿಡಿದ ಕೈ ಇಳಿಸಿದಳು.

"ಮೊದಲ ಸಣ್ಣ ಗುಟುಕು ಇತ್ತು. ಈಗ ದೊಡ್ಡದು ಮಾಡೀದಿ. ರೊಟ್ಟಿ ಬಡಿಯಾಕ ಹೋದ್ರ ಕೈ ನಿಂದರತಾವು. ನಿಂತಲ್ಲೇ ನಿದ್ದಿ ಮಾಡ್ತಿ. ಹ್ವಾದ ತಿಂಗಳ ಗಾಡಿ ಮ್ಯಾಲಿಂದ ಬಿದ್ದಿ, ನನಗ ಹೇಳಲಿಲ್ಲ, ಮೊಳಕಾಲ ನೋಡೀನಿ." ಅವನು ಇಷ್ಟು ಮಾತು ಒಟ್ಟಿಗೆ ಆಡಿ ವರ್ಷಗಳೇ ಆಗಿದ್ದವು. "ಕುಡೀಬ್ಯಾಡ ಅಂದ್ರ ಅವರಿಗೆ ಗೊತ್ತಾಗ್ತಿತ್ತು. ಎರಡನೇ ಗುಟುಕು ಕುಡದೀಯಂತ ಕಸಗೋತೀನಿ."

ನೀಲಗಂಗಾ ಬಿಕ್ಕಿ ಬಿಕ್ಕಿ ಅತ್ತಳು. ಒರಟುತನ ಎಂದುಕೊಂಡಿದ್ದಳು, ಆಸೆಬುರುಕ ಎಂದೂ ಒಮ್ಮೆ ಬೈದಿದ್ದಳು. ಯಂತ್ರ ತಪ್ಪು ಹೇಳಿರಲಿಲ್ಲ. ಒಂಬತ್ತು ವರ್ಷ ದಿನವೂ ಒಂದು ಗಂಟೆಗೆ ಈ ಮನೆಯಲ್ಲಿ ಒಬ್ಬ ಮನುಷ್ಯ ಎಂಬತ್ತೆಂಟರಷ್ಟು ಅಂಜಿದ್ದ, ಎದುರಿಗೇ ಕೂತ ಅವಳಿಗೆ ಅದು ತಿಳಿದಿರಲಿಲ್ಲ. ಫಕೀರೇಶ ಅವಳ ಅಳುವನ್ನು ನೋಡುತ್ತ ಕೂತಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಈಗ ಅವಳಿಗೆ ಯಂತ್ರ ಬೇಕಾಗಲಿಲ್ಲ.

ಅಳು ನಿಂತ ಮೇಲೆ ಉಳಿದದ್ದು ಐದು ಗಂಟೆಯ ವರದಿ.

"ಇದನ್ನೆಲ್ಲ ಬರದು ಕೊಡಬೇಕಾಗೈತಿ," ಎಂದಳು. "ಕೊಟ್ರ ನನ್ನ ನೌಕರಿ ಹೋಗಬಹುದು. ಕದ್ದು ಔಷಧ ಹಾಕಿದಾಕಿ ಕೈಯಾಗ ನಿನ್ನ ಬಿಡೋದಿಲ್ಲ ಅಂತ ಮಂಡಳಿಯವರು ನಿನ್ನ ಕರಕೊಂಡೂ ಹೋಗಬಹುದು. ಕೊಡದಿದ್ರ ಹೆಂಗೂ ಒಯ್ಯತಾರ."

"ಬರಿ. ನಾನೂ ಸಹಿ ಮಾಡ್ತೀನಿ."

"ನಿನ್ನ ಮಾತು ನಂಬತಾರೇನೋ ಅವರು?"

ಅಂಕವನ್ನು ನಂಬಲು ಕಲಿತವರು ಮನುಷ್ಯನ ಮಾತು ನಂಬುತ್ತಾರೆಂದು ಯಾವ ಭರವಸೆ? ಅವಳು ಕಾಗದ ತೆಗೆದುಕೊಂಡು ಬರೆದಳು. ಅವನು ಪೆನ್ನು ಬಿಗಿಯಾಗಿ ಹಿಡಿದು, ಕಾಲೇಜಿನ ಕಾಲದ ದುಂಡು ಅಕ್ಷರಗಳಲ್ಲಿ ಪೂರ್ತಿ ಹೆಸರು ಬರೆದ.

ಆಮೇಲೆ ಫಕೀರೇಶ ಎದ್ದು ಒಲೆಯ ಕಡೆ ಹೋದ. ಎರಡು ಲೋಟ ಇಟ್ಟು ಎರಡಕ್ಕೂ ಮಜ್ಜಿಗೆ ಸುರಿದ. ಒಂದರ ಮೇಲೆ ಬಾಟಲಿ ಬಗ್ಗಿಸಿ, ಬೆಳಕಿಗೆ ಹಿಡಿದು, ಒಂದೊಂದೇ ಹನಿ ಎಣಿಸತೊಡಗಿದ. ಏಳನೇ ಹನಿಗೆ ಅವನ ಕೈ ತಡೆಯಿತು, ಕುತ್ತಿಗೆಯ ನರ ಬಿಗಿಯಿತು. ಅವನು ಗೋಡೆಯ ಕಡೆಗೆ ಕಿವಿ ಕೊಟ್ಟಿದ್ದ.

"ಏನ ಅಂತಾರೋ?" ನೀಲಗಂಗಾ ಮೆಲ್ಲಗೆ ಕೇಳಿದಳು.

"ಒದರಾಕತ್ತಾರ," ಎಂದು ಎಂಟನೇ ಹನಿ ಹಾಕಿದ. ಇಪ್ಪತ್ತೂ ಹಾಕಿದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಆ ಲೋಟವನ್ನು ಎತ್ತಿ ಒಂದೇ ಉಸಿರಿಗೆ ಕುಡಿದು ಬೋರಲು ಹಾಕಿದ.

ಇನ್ನೊಂದು ಲೋಟವನ್ನು ಕೈಗೆ ತೆಗೆದುಕೊಂಡು ಅವಳ ಎದುರಿಗೆ ಬಂದು ಕೂತ. ಅವಳು ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಅಂಚಿಗೆ ತುಟಿ ಹಚ್ಚಿ ಒಂದು ಗುಟುಕು ಕುಡಿದ. ಗಂಟಲಿಳಿಯುವ ತನಕ ಕಾದ. ಆಮೇಲೆ ಲೋಟವನ್ನು ಅವಳ ಕೈಗೆ ಕೊಟ್ಟ.

"ಬರೀ ಮಜ್ಜಿಗಿ ಐತಿ, ಅಕ್ಕಾ," ಅಂದ. "ಅಂಜಬ್ಯಾಡ, ಕುಡಿ."